ಅಮ್ಮನ ಕನಕಾಂಬರ

ಪ್ರಶ್ನೆ: ಹಿತ್ತಲಲ್ಲಿ ಅಮ್ಮ ಬೆಳೆಸುತ್ತಿದ್ದ ಕನಕಾಂಬರವನ್ನು ಮರುಗದೊಡನೆ ಬಾಳೆನಾರಿನಲ್ಲಿ ಕಟ್ಟಿ ಅಕ್ಕನಿಗೂ ನನಗೂ ಮುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಳಿದಿರುವ ಒಂದೇ ಗಿಡ ಹಳದಿ ತಿರುಗಿ ಸೊರಗುತ್ತಿದೆ. ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಬುಡದ ಮಣ್ಣನ್ನು ಮೆಲ್ಲನೆ ಸರಿಸಿ ನೋಡಿ, ಬೇರುಗಳಲ್ಲಿ ಸಣ್ಣ ಗಂಟುಗಳಿದ್ದರೆ ಅದು ಕನಕಾಂಬರವನ್ನು ಬಹಳವಾಗಿ ಕಾಡುವ ಬೇರುಗಂಟು ಜಂತುಹುಳುವಿನ ಬಾಧೆ. ಹಾಗಾಗಿದ್ದರೆ ಆ ಗಿಡ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ, ಆದರೆ ಅದರ ಸಂತತಿಯನ್ನು ಖಂಡಿತ ಉಳಿಸಬಹುದು. ಒಣಗಿದ ತೆನೆಗಳಿಗೆ ನೀರು ತಾಕಿದೊಡನೆ ಕಾಯಿ ಪಟ್ಟೆಂದು ಸಿಡಿದು ಬೀಜಗಳು ದೂರ ಹಾರುವುದರಿಂದ (ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ), ಅವನ್ನು ಮಳೆಗೆ ಮುಂಚೆಯೇ ಕೊಯ್ದು, ತೆಳುಬಟ್ಟೆ ಮುಚ್ಚಿ ನೀರು ಚಿಮುಕಿಸಿ ಬೀಜ ಸಂಗ್ರಹಿಸಿ. ಬೇವಿನ ಹಿಂಡಿ ಬೆರೆಸಿದ ಹೊಸ ಮಣ್ಣಿನಲ್ಲಿ ಬಿತ್ತಿ. ನಿಮ್ಮದು ಬೀಜ ಕಟ್ಟದ ‘ಡೆಲ್ಲಿ’ ತಳಿಯಾಗಿದ್ದರೆ, ಆರೋಗ್ಯವಾಗಿರುವ ರೆಂಬೆಯ ತುದಿಗಳನ್ನು ಈಗಲೇ ಕತ್ತರಿಸಿ ನೆಡಿ.