ಶಿರಾಡಿ ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ

ನಿಮ್ಮ ಪ್ರಶ್ನೆ ಇಷ್ಟು: ಮಂಗಳೂರಿನಿಂದ ಬೆಂಗಳೂರಿಗೆ 1.2 ಲೀಟರ್ ಪೆಟ್ರೋಲ್ ಕಾರಿನಲ್ಲಿ ಬರುವಾಗ ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿಗಳು 20ರಲ್ಲಿ ತೆವಳುತ್ತವೆ, ಹಾರ್ನ್ ಹೊಡೆದರೂ ಜಾಗ ಬಿಡುವುದಿಲ್ಲ, ಓವರ್‌ಟೇಕ್‌ಗೆ ಹೊರಟರೆ ಕಾರು ಎಳೆಯುವುದಿಲ್ಲ. ಏನು ಮಾಡಬೇಕು?

ಮೊದಲು ಹಾರ್ನಿನ ಮೇಲಿಂದ ಕೈ ತೆಗೆಯಿರಿ. ಆ ಲಾರಿಯವನು ಸೊಕ್ಕಿನಿಂದ ನಿಧಾನ ಹೋಗುತ್ತಿಲ್ಲ. ಕ್ಯಾಬಿನ್ ಮೇಲೆ 2818, 2820 ಅಂತ ನಂಬರ್ ಇರುತ್ತದಲ್ಲ, ಅದರಲ್ಲಿ ಮೊದಲ ಎರಡಂಕಿ ಲೋಡ್ ಸಮೇತ ಒಟ್ಟು ತೂಕ, ಟನ್‌ನಲ್ಲಿ. ಕೊನೆಯ ಎರಡಂಕಿಗೆ ಸೊನ್ನೆ ಸೇರಿಸಿದರೆ ಹೆಚ್ಚುಕಮ್ಮಿ ಎಂಜಿನ್ನಿನ ಶಕ್ತಿ, ಹೆಚ್.ಪಿ.ಯಲ್ಲಿ. ಅಂದರೆ ಹತ್ತು ಚಕ್ರದ ಲಾರಿಗೆ 28 ಟನ್‌ಗೆ 180 ಹೆಚ್.ಪಿ., ಟನ್‌ಗೆ ಆರೂವರೆ. ನಿಮ್ಮ ಕಾರಿಗೆ ಟನ್‌ಗೆ 60ರ ಮೇಲಿದೆ. 100 ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ ಅಷ್ಟು ಶಕ್ತಿಗೆ 20–22 ಕಿ.ಮೀ. ವೇಗವೇ ಗರಿಷ್ಠ, ಲೆಕ್ಕ ಹಾಕಿ ನೋಡಿ. ನಿಂತು ಜಾಗ ಬಿಡುವುದೂ ಅವನಿಗೆ ಸುಲಭವಲ್ಲ. ಏರಿನಲ್ಲಿ ನಿಂತ ಲೋಡ್ ಗಾಡಿಯನ್ನು ಹಾಫ್ ಕ್ಲಚ್‌ನಲ್ಲಿ ಎತ್ತಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ರಸ್ತೆ ಅಗಲವಾದ ಕಡೆ ಅವನೇ ಎಡಕ್ಕೆ ಸರಿಯುತ್ತಾನೆ, ಬಹುತೇಕರು ಹಾಗೇ ಮಾಡುತ್ತಾರೆ.

ಇನ್ನು ಕಾರು ಎಳೆಯದಿರುವುದು. ಇದಕ್ಕೆ ಕಾರಣ ಎಂಜಿನ್ ಅಲ್ಲ, ನೀವು ಲಾರಿಗೆ ತೀರಾ ಅಂಟಿಕೊಂಡು ಹೋಗುವುದು. ಬಂಪರಿನಿಂದ ಐದು ಮೀಟರ್ ಹಿಂದೆ ಇದ್ದರೆ ನಿಮಗೆ ಕಾಣುವುದು ಅದರ ಹಿಂಬಾಗಿಲು ಮತ್ತು ಮಡ್‌ಗಾರ್ಡ್ ಮಾತ್ರ. ಮುಂದೆ ಏನಿದೆ ನೋಡಬೇಕಾದರೆ ಮೂತಿ ಹೊರಗೆ ಹಾಕಲೇಬೇಕು, ಆಗಲೂ ವೇಗ 20ರಲ್ಲೇ ಇರುತ್ತದೆ. ಮೂರನೇ ಗೇರಿನಲ್ಲಿದ್ದರೆ ಎಂಜಿನ್ 1,000 ಆರ್‌ಪಿಎಂ ಹತ್ತಿರ ನಡುಗುತ್ತಿರುತ್ತದೆ, ಅಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದರೂ ಪಿಕಪ್ ಬರುವುದಿಲ್ಲ. ಎದುರುಗಡೆ ಪಥದಲ್ಲಿ ಕಾರು ಒದ್ದಾಡುವುದು ಹೀಗೆ.

25–30 ಮೀಟರ್ ಹಿಂದೆ ಉಳಿಯಿರಿ, ಅಂದರೆ ಆರೇಳು ಕಾರಿನುದ್ದ. ಎಡ ತಿರುವಿನಲ್ಲಿ ಲಾರಿಯ ಎಡಬದಿಯಿಂದ, ಬಲ ತಿರುವಿನಲ್ಲಿ ಬಲಬದಿಯಿಂದ ಮುಂದಿನ ರಸ್ತೆ ಕಾಣುತ್ತದೆ. ಆ ಅಂತರವೇ ನಿಮಗೆ ಓಟದ ಜಾಗವೂ ಹೌದು. ಎದುರಿನ ಕೊನೆಯ ಗಾಡಿ ನಿಮ್ಮನ್ನು ದಾಟುವ ಮೊದಲೇ ಎರಡನೇ ಗೇರಿಗೆ ಇಳಿಸಿ, ನಿಮ್ಮ ಪಥದಲ್ಲೇ ವೇಗ ಏರಿಸಲು ಶುರು ಮಾಡಿ. ಬಲಕ್ಕೆ ಹೊರಡುವ ಹೊತ್ತಿಗೆ 35 ಮುಟ್ಟಿರಬೇಕು. ತಿರುವಿನಾಚೆ ಇನ್ನೊಂದು ಗಾಡಿ ಕಂಡರೆ ಬ್ರೇಕ್ ಒತ್ತಿ ಹಿಂದೆಯೇ ಉಳಿಯಲು ಜಾಗ ಇರುತ್ತದೆ. ಮಧ್ಯದಲ್ಲಿ ಮೂರನೇ ಗೇರಿಗೆ ಹಾಕಬೇಡಿ. ಎರಡನೆಯದು 60ರವರೆಗೂ ಎಳೆಯುತ್ತದೆ, ಎಂಜಿನ್ ಕಿರುಚಿದರೆ ಕಿರುಚಲಿ. ಕಾರಲ್ಲಿ ಐದು ಜನ, ಡಿಕ್ಕಿ ತುಂಬಾ ಲಗೇಜ್ ಇದ್ದರೆ ಎ.ಸಿ. ಆಫ್ ಮಾಡಿ. ಅದರಿಂದ ಸ್ವಲ್ಪ ಅನುಕೂಲ, ಆದರೆ ಗೇರಿನಷ್ಟಲ್ಲ.

ಎಷ್ಟು ಖಾಲಿ ರಸ್ತೆ ಬೇಕು? ಲಾರಿ 20ರಲ್ಲಿ, ನೀವು 40ರಲ್ಲಿ ಇದ್ದರೆ ಸೆಕೆಂಡಿಗೆ ಐದೂವರೆ ಮೀಟರ್ ಮುಂದಾಗುತ್ತೀರಿ. ಲಾರಿಯ ಉದ್ದ 10 ಮೀಟರ್, ನಿಮ್ಮದು 4, ಹಿಂದೆ ಮುಂದೆ ಬಿಡುವ ಅಂತರ ಸೇರಿದರೆ 40 ಮೀಟರ್ ಹತ್ತಿರ, ಅಂದರೆ ಏಳು ಸೆಕೆಂಡ್. ಅಷ್ಟರಲ್ಲಿ ನೀವು 80 ಮೀಟರ್ ಹೋಗುತ್ತೀರಿ, 50ರಲ್ಲಿ ಇಳಿದು ಬರುವ ಎದುರು ಗಾಡಿ 100 ಮೀಟರ್ ಹತ್ತಿರ ಬಂದಿರುತ್ತದೆ. ಎರಡೂ ಸೇರಿ 180. ತಪ್ಪಿಗೆ ಒಂದಿಷ್ಟು ಬಿಟ್ಟು 250 ಮೀಟರ್ ಸ್ಪಷ್ಟವಾಗಿ ಕಂಡರೆ ಮಾತ್ರ ಹೊರಡಿ. ಕಣ್ಣಳತೆ ಬರದಿದ್ದರೆ ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಚಿಕ್ಕ ಕಲ್ಲುಗಳನ್ನು ನೋಡಿ, ಅವು 200 ಮೀಟರಿಗೊಂದು. ಘಾಟಿಯಲ್ಲಿ ಅಷ್ಟು ನೇರ ರಸ್ತೆ ಬೆರಳೆಣಿಕೆಯ ಕಡೆ ಸಿಗುತ್ತದೆ. ಮಧ್ಯದ ಗೆರೆ ತುಂಡಾಗಿಲ್ಲದೆ ಒಂದೇ ಸಮ ಇದ್ದರೆ ಅಲ್ಲಿ ದಾಟುವಂತೆಯೇ ಇಲ್ಲ. ನಾಲ್ಕು ಪಥ ಆಗಿರುವ ಕಡೆ ಈ ಲೆಕ್ಕ ಬೇಡ, ಅಲ್ಲಿಯವರೆಗೆ ತಾಳಿದರೆ ಆಯಿತು.

ಲಾರಿಯ ಬಲ ಇಂಡಿಕೇಟರ್ ನಂಬಿ ಹೋಗಬೇಡಿ. ಒಬ್ಬ ಅದನ್ನು ‘ಹೋಗು’ ಅಂತ ಹಾಕುತ್ತಾನೆ, ಇನ್ನೊಬ್ಬ ‘ಎದುರು ಗಾಡಿ ಇದೆ, ಬರಬೇಡ’ ಅಂತ, ಮತ್ತೊಬ್ಬ ನಿಜವಾಗಿ ಬಲಕ್ಕೆ ತಿರುಗಲು. ಕ್ಲೀನರ್ ಕೈ ಬೀಸಿದರೂ ಅಷ್ಟೇ. ಅವನು ನೋಡುತ್ತಿರುವುದು ರಸ್ತೆ ಮಾತ್ರ, ನಿಮ್ಮ ಕಾರಿನ ಪಿಕಪ್ ಅವನಿಗೇನು ಗೊತ್ತು? ಅದಕ್ಕಿಂತ ಅಪಾಯ ಬಸ್ಸಿನ ಬಾಲ ಹಿಡಿಯುವುದು. ಸಾರಿಗೆ ಬಸ್ಸಿನ ಚಾಲಕ ಎತ್ತರದಲ್ಲಿ ಕೂತು ಮುಂದಿನದನ್ನು ನೋಡಿ ದಾಟುತ್ತಾನೆ, ಅವನಿಗೆ ಸಾಕಾಗುವಷ್ಟೇ ಜಾಗ ಇರುತ್ತದೆ. ಹಿಂದೆಯೇ ಹೋದ ನಿಮಗೆ ಬಸ್ ಎಡಕ್ಕೆ ಸರಿದಾಗಲೇ ಎದುರಿನ ಟ್ಯಾಂಕರ್ ಕಾಣುವುದು.

ಕಂಟೇನರ್ ಟ್ರೈಲರ್, ಬುಲೆಟ್ ಟ್ಯಾಂಕರ್ (ಗ್ಯಾಸ್ ಸಾಗಿಸುವ ಉದ್ದ ಟ್ಯಾಂಕರ್) ಇದ್ದರೆ ತಿರುವಿನಲ್ಲಿ ಅದರ ಪಕ್ಕ ಹೋಗಲೇಬೇಡಿ. ಬಲ ತಿರುವಿಗೆ ಅದು ಮೊದಲು ಎಡಕ್ಕೆ ಅಗಲವಾಗಿ ಹೋಗುತ್ತದೆ, ಬಲಗಡೆ ಬಾಗಿಲು ತೆರೆದಂತೆ ಜಾಗ ಕಾಣುತ್ತದೆ. ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರುವುದಿಲ್ಲ, ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ. ಆ ಜಾಗಕ್ಕೆ ನುಗ್ಗಿದ ಕಾರು ಚಾಸಿ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಇದ್ದ ದಿನ ಓವರ್‌ಟೇಕ್ ಆಸೆಯನ್ನೇ ಬಿಡಿ. ಇಡೀ ಘಾಟಿ ಸುಮಾರು 25 ಕಿ.ಮೀ. ಸರಾಸರಿ 25ರಲ್ಲಿ ಹೋದರೆ ಒಂದು ಗಂಟೆ, 35ರಲ್ಲಿ ಹೋದರೆ 43 ನಿಮಿಷ. ಅಷ್ಟೂ ಲಾರಿ ಹಿಂದಿಕ್ಕಿ ಉಳಿಯುವುದು 17 ನಿಮಿಷ, ಸಕಲೇಶಪುರದಲ್ಲಿ ಕಾಫಿಗೆ ನಿಂತರೆ ಅದೂ ಹೋಯಿತು.

ವಾಪಸ್ ಇಳಿಯುವಾಗಲೂ ಲಾರಿಗಳು ನಿಧಾನವೇ, ಕಾರಣ ಬೇರೆ. ಬ್ರೇಕ್ ಕಾಯದಿರಲೆಂದು ಸಣ್ಣ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲಿ ಇಳಿಸುತ್ತಿರುತ್ತಾರೆ. ದಾಟಿದ ಮೇಲೆ ಅದರ ಮುಂದೆಯೇ ತೂರಿ ಬ್ರೇಕ್ ಒತ್ತಬೇಡಿ, ನೀವು ನಿಂತ ಹಾಗೆ ಅದು ನಿಲ್ಲುವುದಿಲ್ಲ. ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಆ ಲಾರಿಯ ಮುಂದೆ ಹೋಗದೆ, ದೂರ ಬಿಟ್ಟು ಹಿಂದೆಯೇ ಇಳಿಯಿರಿ.