ನಡೆದಾಗ ಮಂಡಿನೋವು ಮಾಯ, ಕೂತು ಎದ್ದರೆ ಮತ್ತೆ ಹಾಜರ್! ಯಾಕೆ?

ಪ್ರಶ್ನೆ: ನನಗೆ 52 ವರ್ಷ, ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಮಂಡಿನೋವಿದೆ. ಎಕ್ಸ್‌ರೇ ನೋಡಿದ ಡಾಕ್ಟರು ಸ್ವಲ್ಪ ಸವೆತ ಇದೆ, ವ್ಯಾಯಾಮ ಮಾಡಿ ಅಂದರು. ಬೆಳಿಗ್ಗೆ ಮಂಡಿ ಹಿಡಿದುಕೊಂಡಿರುತ್ತದೆ. ತೋಟಕ್ಕೆ ಒಂದು ಸುತ್ತು ಹೋಗಿ ಬಂದರೆ ನೋವೇ ಇರುವುದಿಲ್ಲ. ಅಡಿಕೆ ಸುಲಿಯಲು ಕೂತು ಎದ್ದರೆ ಮತ್ತೆ ಶುರು. ನೋವು ನಿಜವಾಗಿ ಕಡಿಮೆ ಆಗುತ್ತಾ, ಇಲ್ಲ ನನಗೆ ಗೊತ್ತಾಗದೆ ಮಂಡಿ ಹಾಳಾಗ್ತಿದೆಯಾ? ದಿನವಿಡೀ ಕೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಯಾಕೆ?

ಉತ್ತರ (ಫಿಸಿಯೋಥೆರಪಿಸ್ಟ್, ಶಿವಮೊಗ್ಗ): ನಿಜವಾಗಿಯೇ ಕಡಿಮೆ ಆಗುತ್ತದೆ. ತೋಟಕ್ಕೆ ನಡೆದು ಮಂಡಿ ಹಾಳಾಗುತ್ತದೆ ಅನ್ನುವ ಭಯ ಬಿಡಿ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನೋವಿಗೂ ಅಷ್ಟಾಗಿ ತಾಳೆಯಾಗುವುದಿಲ್ಲ. ಸವೆತ ಜಾಸ್ತಿ ಇದ್ದೂ ಆರಾಮಾಗಿ ಗುಡ್ಡ ಹತ್ತುವವರಿದ್ದಾರೆ.

ಮಂಡಿಯಿಂದ ಹೊರಟ ಸುದ್ದಿ ಬೆನ್ನುಹುರಿ ದಾಟಿ ಮಿದುಳಿಗೆ ತಲುಪಿದ ಮೇಲೆಯೇ ನಮಗೆ ನೋವು ಅನ್ನಿಸುವುದು. ದಾರಿಯಲ್ಲೇ, ಬೆನ್ನುಹುರಿಯಲ್ಲಿ, ಅದನ್ನು ತಡೆಯುವ ಏರ್ಪಾಡು ಇದೆ ಎಂಬ ಸಿದ್ಧಾಂತವನ್ನು ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲೇ ಮುಂದಿಟ್ಟರು. ಬಿರುಸಾಗಿ ನಡೆದು ಮೈ ಬಿಸಿಯಾದಾಗ ಮಿದುಳು ಮೇಲಿನಿಂದ ಈ ತಡೆಯನ್ನು ಬಿಗಿ ಮಾಡುತ್ತದೆ. ನೋವು ತಗ್ಗಿಸಲು ದೇಹವೇ ತಯಾರಿಸುವ ಎಂಡಾರ್ಫಿನ್ ಹೆಸರು ಕೇಳಿರುತ್ತೀರಿ, ಪೇಪರಿನವರು ಎಲ್ಲಾ ಕೀರ್ತಿ ಅದಕ್ಕೇ ಕೊಟ್ಟುಬಿಟ್ಟಿದ್ದಾರೆ! ಗಾಂಜಾದ ಅಂಶಗಳನ್ನು ಹೋಲುವ ಎಂಡೋಕ್ಯಾನಬಿನಾಯ್ಡ್‌ಗಳೂ ನಮ್ಮ ದೇಹದಲ್ಲೇ ತಯಾರಾಗುತ್ತವೆ, ಅವುಗಳ ಪಾಲೂ ಇದೆ. ಈ ತಡೆ ಮಂಡಿಗಷ್ಟೇ ಅಲ್ಲ, ಮೈಗೆಲ್ಲ ಕೆಲಸ ಮಾಡುತ್ತದೆ. ಹಾಗಾಗಿ ಕಾಲಲ್ಲಿ ಸೈಕಲ್ ತುಳಿದರೆ ಕೈಯಲ್ಲೂ ನೋವು ಸ್ವಲ್ಪ ಹೊತ್ತು ಕಡಿಮೆ ಗೊತ್ತಾಗುತ್ತದೆ.

ಆದರೆ ಒಂದು ಸಲದ ನಡಿಗೆಯ ಗುಣ ಸಾಮಾನ್ಯವಾಗಿ ಅರ್ಧ ಗಂಟೆ ಆಸುಪಾಸಿನದು. ರೂಢಿ ಮಾಡಿಕೊಂಡರೆ ಸಿಗುವ ಲಾಭ ಬೇರೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರು ವಾರಕ್ಕೆ 3 ದಿನದಂತೆ 6 ವಾರ ವ್ಯಾಯಾಮ ಮಾಡಿದರು. ನೋವು ಶುರುವಾಗುವ ಮಟ್ಟ ಇದ್ದ ಹಾಗೇ ಇತ್ತು, ಅದನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅಡಿಕೆ ಸುಲಿಯುವ ಸೀಸನ್‌ನಲ್ಲಿ ನನ್ನ ಹತ್ತಿರ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ಮೆಟ್ಟುಗತ್ತಿ ಮುಂದೆ ಕೂತರೆ ಕೈಗೆ, ಹೆಗಲಿಗೆ ಭರ್ತಿ ಕೆಲಸ. ತೊಡೆಯ ಸ್ನಾಯು ಸುಮ್ನೆ ಕೂತಿರುತ್ತದೆ, ಮಂಡಿ ಮಡಚಿಕೊಂಡೇ ಬಿಗಿಯುತ್ತದೆ. ಲೆಕ್ಕದ ಮೇಲೆ ಸುಲಿಯುವವರಂತೂ ಏಳುವುದೇ ಇಲ್ಲ. ನೀವು ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ, ಸಾಧ್ಯವಾದರೆ ಎತ್ತರದ ಸ್ಟೂಲ್ ಮೇಲೆ ಕೂತು ಸುಲಿಯಿರಿ.

ತೊಡೆಗೆ ಬೇಕಾದ ವ್ಯಾಯಾಮ ಸುಲಭ. ಕಾಲು ಚಾಚಿ ಕೂತು, ಸುರುಳಿ ಸುತ್ತಿದ ಟವೆಲ್ ಮಂಡಿ ಕೆಳಗಿಡಿ. ಮಂಡಿಯಿಂದ ಅದನ್ನು ಒತ್ತಿ. ತೊಡೆ ಮೇಲೆ ಕೈ ಇಟ್ಟರೆ ಮಾಂಸ ಗಟ್ಟಿಯಾಗಿದ್ದು ತಿಳಿಯಬೇಕು. 5 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ. ಒಗ್ಗಿದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಸೇರಿಸಿ. ಜಡಿಮಳೆಯಲ್ಲಿ ತೋಟಕ್ಕೆ ಹೋಗಲಾಗದಿದ್ದರೆ ಜಗಲಿ ಇದೆ ಅಲ್ವಾ, ಅಲ್ಲೇ ಓಡಾಡಿ.

ಮೊದಲ ಕೆಲವು ವಾರ ನೋವು ತುಸು ಏರಬಹುದು. ಮೈಪೂರ್ತಿ ಹಳೇ ನೋವಿರುವವರಿಗೆ, ಉದಾಹರಣೆಗೆ ಫೈಬ್ರೊಮಯಾಲ್ಜಿಯಾ ಇದ್ದರೆ, ಇದು ಇನ್ನೂ ಜಾಸ್ತಿ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಎಂದಿಗಿಂತ ಹೆಚ್ಚು ನೋವಿದ್ದರೆ ಪ್ರಮಾಣ ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ಮಂಡಿ ಊದಿ ಬಿಸಿಯಾದರೆ ಅಥವಾ ಮಡಚಿದಲ್ಲೇ ಸಿಕ್ಕಿಕೊಂಡರೆ ಡಾಕ್ಟರಿಗೆ ತೋರಿಸಿ. ದಿಣ್ಣೆ ಹತ್ತುವಾಗ ಎದೆ ಹಿಡಿದರೆ ಅಲ್ಲೇ ನಿಲ್ಲಿ, ಆಸ್ಪತ್ರೆಗೆ ಹೋಗಲು ತಡ ಮಾಡಬೇಡಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಸೊಪ್ಪು, ದರಗಿಗೆ (ಒಣಗಿ ಉದುರಿದ ಎಲೆಗೆ) ಹೋಗಿ ಬಂದವರಿಗೆ ಜೋರು ಜ್ವರದ ಜೊತೆ ಮೈಕೈ ನೋವು ಬಂದರೆ ಅದು ಮಂಗನ ಕಾಯಿಲೆ ಇರಬಹುದು. ಅಂಥಾ ನೋವನ್ನು ನಡೆದು ಕಳೆಯಲು ಹೋಗದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.