ಉತ್ತರ: ವಿಟ್ಲಮ್ ಮಣ್ಣು ಸುರಿಯುವ ದೃಶ್ಯ, ವಿಡಿಯೋದಲ್ಲಿ ನೆರಳು, ಫೋಟೋದಲ್ಲಿ ನೀಲಿ ಆಕಾಶ ಯಾಕೆ?

ವಿಡಿಯೋ, ಫೋಟೋ ಎರಡರಲ್ಲಿ ಒಂದು ನಕಲಿ ಇರಬೇಕು ಅಲ್ವಾ ಅಂತ ಕೇಳಿದ್ದೀರಿ. ಬಹುಶಃ ಎರಡೂ ಅಸಲಿಯೇ, ಫೋಟೋ ಮಾತ್ರ ಎರಡನೇ ಸಲ ಮಾಡಿಸಿ ತೆಗೆದದ್ದು. 1975ರ ಆಗಸ್ಟ್ 16ರಂದು ಆಸ್ಟ್ರೇಲಿಯಾದ ಪ್ರಧಾನಿ ಗಾಫ್ ವಿಟ್ಲಮ್, ಜಮೀನು ಮರಳಿಸಿದ್ದರ ಗುರುತಾಗಿ, ಅಲ್ಲಿನ ಮೂಲನಿವಾಸಿ ಗುರಿಂಜಿ ಜನರ ಮುಖಂಡ ವಿನ್ಸೆಂಟ್ ಲಿಂಗಿಯಾರಿಯ ಅಂಗೈಗೆ ಮಣ್ಣು ಸುರಿದದ್ದು ಚಪ್ಪರದ ನೆರಳಲ್ಲಿ. ಅಲ್ಲಿ ಚಿತ್ರ ಚೆನ್ನಾಗಿ ಬರಲ್ಲ ಅನ್ನಿಸಿ ಛಾಯಾಗ್ರಾಹಕ ಮರ್ವಿನ್ ಬಿಷಪ್ ಇಬ್ಬರನ್ನೂ ಬಿಸಿಲಿಗೆ ಕರೆದು ಇನ್ನೊಮ್ಮೆ ಮಾಡಿಸಿದರು. ಜನರಿಗೆ ನೆನಪಿರುವುದು ಆ ಎರಡನೆಯದೇ, ತಮಾಷೆ ಅಲ್ವಾ!

ನಿಮ್ಮ ಕ್ಲಿಪ್ ನೋಡದೆ ಖಚಿತ ಹೇಳಲಾರೆ, ಹಾಗಾಗಿ ಮೊದಲು ಹಿನ್ನೆಲೆ ನೋಡಿ. ಸುತ್ತ ಜನ, ತಲೆ ಮೇಲೆ ನೆರಳು ಇದ್ದರೆ ಅದು ಮೂಲ ಸಮಾರಂಭ. ಆಮೇಲೆ ಆಸ್ಟ್ರೇಲಿಯಾದ ನ್ಯಾಷನಲ್ ಫಿಲ್ಮ್ ಅಂಡ್ ಸೌಂಡ್ ಆರ್ಕೈವ್ ಸೈಟಲ್ಲಿ ಲಿಂಗಿಯಾರಿ ಹೆಸರು, ‘ವೇವ್ ಹಿಲ್’ (ಆ ಜನ ಕೆಲಸ ಬಿಟ್ಟು ಮುಷ್ಕರ ಹೂಡಿದ ದನಗಳ ಫಾರ್ಮ್) ಎರಡನ್ನೂ ಇಂಗ್ಲಿಷಲ್ಲಿ ಹಾಕಿ ಹುಡುಕಿ. ಬರೀ ವಿಟ್ಲಮ್ ಅಂತ ಹಾಕಿದರೆ ಅದೇ ವರ್ಷ ನವೆಂಬರ್ 11ರಂದು ಅವರನ್ನು ವಜಾ ಮಾಡಿದ ದೃಶ್ಯಗಳೇ ಜಾಸ್ತಿ ಬರಬಹುದು. ತೀರಿಕೊಂಡವರ ಚಿತ್ರಗಳಿವೆ ಅನ್ನುವ ಎಚ್ಚರಿಕೆ ಬಂದರೆ ಗಾಬರಿ ಬೇಡ, ಮೂಲನಿವಾಸಿಗಳ ಸಂಪ್ರದಾಯಕ್ಕೆ ಗೌರವ ಕೊಟ್ಟು ಹಾಕಿರುತ್ತಾರೆ, ಒಪ್ಪಿ ಮುಂದೆ ಹೋಗಿ. ಸ್ಲೈಡಿನಲ್ಲಿ ಫೋಟೋ ಹಾಕುವುದಾದರೆ ಬಿಷಪ್ ಹೆಸರಿನ ಜೊತೆ ‘ಮತ್ತೊಮ್ಮೆ ಮಾಡಿಸಿ ತೆಗೆದದ್ದು’ ಅಂತ ಬರೆಯಿರಿ.